ಮದರಾಮೆ ಕೊಟ್ಟ ಟರ್ಬೊ

ತೊಳೆದ ಟರ್ಬೊ ಕಂಡರೆ ಈಗಲೂ ನನಗೆ ವಾಕರಿಕೆ ಬರುತ್ತದೆ. ಎಂಜಿನ್ನು ಉಗುಳಿದ ಹೊಗೆಯ ರಭಸಕ್ಕೆ ತಿರುಗುತ್ತಾ, ಎಂಜಿನ್ನಿಗೇ ಗಾಳಿ ತುರುಕುವ ಯಂತ್ರ ಅದು. ಮಸಿ ಮೆತ್ತಿಕೊಳ್ಳಲೆಂದೇ ಹುಟ್ಟಿದ್ದು. ಅಂಥದ್ದು ಫಳಫಳ ಹೊಳೆಯುತ್ತಿದ್ದರೆ ಯಾರೋ ಏನನ್ನೋ ಮುಚ್ಚಿಟ್ಟಿದ್ದಾರೆ ಎಂದೇ ಅರ್ಥ. ಮದರಾಮೆ ಕೊಟ್ಟದ್ದು ಹಾಗೆ ಹೊಳೆಯುತ್ತಿತ್ತು.

ನುಮಾತಾದಲ್ಲಿ ನನ್ನದೊಂದು ಗ್ಯಾರೇಜು, ಬೋರ್ಡಿನ ಮೇಲೆ ನನ್ನದೇ ಹೆಸರು, ನೆಗಿಶಿ ಗ್ಯಾರೇಜು. ಅದರ ಹಿಂದಿನ ಶೆಡ್ಡಿನಲ್ಲಿ ಗೆಳೆಯ ಇವಾವೊ ಒಂದು ಹಳೆಯ ಕಾರಿಗೆ ವರ್ಷಗಟ್ಟಲೆ ಜೀವ ತುಂಬುತ್ತಿದ್ದ. ತುಕ್ಕು ಕೆರೆದ, ಬಾಗಿಲು ಹುಡುಕಿ ತಂದ, ಬಣ್ಣ ಬಳಿದ. ಇನ್ನೇನು ಮುಗಿಯಿತು ಎನ್ನುವಾಗ ಟರ್ಬೊ ಕಚ್ಚಿಕೊಂಡು ನಿಂತುಬಿಟ್ಟಿತು. ಅದೇ ಚಳಿಗಾಲದಲ್ಲಿ ಕಣ್ಣಿನ ಡಾಕ್ಟರು ಅವನಿಗೆ, ನೋಟ ಅಂಚುಗಳಿಂದ ಒಳಕ್ಕೆ ಸೊರಗುತ್ತಿದೆ, ಮುಂದಿನ ಹುಟ್ಟುಹಬ್ಬಕ್ಕೆ ಲೈಸೆನ್ಸು ನವೀಕರಿಸಲು ಹೋದರೆ ಕೊಡುವುದಿಲ್ಲ ಎಂದು ಹೇಳಿದರು. ಹುಟ್ಟುಹಬ್ಬ ಇದ್ದದ್ದು ಅಕ್ಟೋಬರಿನಲ್ಲಿ. ಅಷ್ಟರೊಳಗೆ ಒಮ್ಮೆ ಈ ಕಾರನ್ನು ತಾನೇ ಓಡಿಸಿಕೊಂಡು ಘಾಟಿ ಹತ್ತಬೇಕು, ಅವನಿಗಿದ್ದ ಆಸೆ ಇಷ್ಟೇ.

ಮದರಾಮೆ ನಮ್ಮ ಹಳೆ ಕಾರಿನವರ ಸಂಘದ ಹಿರಿಯ. ಗೋದಾಮಿನ ತುಂಬ ಬಿಡಿಭಾಗ, ಬಾಯಿ ತುಂಬ ವಿನಯ. ಇವಾವೊನ ಗೋಳು ಕಿವಿಗೆ ಬಿದ್ದು, ವಸಂತದ ಒಂದು ಭಾನುವಾರ ಟರ್ಬೊವನ್ನು ನೇರಳೆ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಬಂದ. ಎರಡೂ ಕೈಯಲ್ಲಿ ಹಿಡಿದು, ತಲೆ ಬಗ್ಗಿಸಿ, "ಕೆಲ್ಸಕ್ಕೆ ಬಾರದ ವಸ್ತು, ಆದ್ರೂ ಇಟ್ಕೊಳ್ಳಿ" ಎಂದ. ನಮ್ಮಲ್ಲಿ ಏನು ಕೊಟ್ಟರೂ ಹಾಗೆ ಹೇಳಿಯೇ ಕೊಡುವುದು, ಜೇನಿನಂಥ ಕಲ್ಲಂಗಡಿ ಕೊಟ್ಟರೂ ಅದೇ ಮಾತು. ಕೊಟ್ಟವರ ಎದುರಿಗೆ ಗಂಟು ಬಿಚ್ಚಿ ನೋಡುವುದೂ ಇಲ್ಲ. ಇವಾವೊ ಸೊಂಟ ಮುರಿಯುವಷ್ಟು ಬಗ್ಗಿದ. ಪ್ರತಿಯಾಗಿ ಏನೂ ಕೊಡದಿದ್ದರೆ ಮರ್ಯಾದೆಯೇ? ಜೋಪಾನ ಮಾಡಿಟ್ಟಿದ್ದ ಅಲಾಯ್ ಚಕ್ರಗಳನ್ನು ಮರುವಾರವೇ ಮದರಾಮೆಯ ಮನೆಗೆ ಮುಟ್ಟಿಸಿ ಬಂದ.

ಗಂಟು ಬಿಚ್ಚಿದವನು ನಾನು. ತಗಡಿನ ಮೇಲಿನ ನಂಬರು ನಮ್ಮ ಹಳೆಯದರ ಜೊತೆ ಸರಿಯಾಗಿ ತಾಳೆಯಾಯಿತು. ಶಾಫ್ಟ್ ಹಿಡಿದು ಅಲ್ಲಾಡಿಸಿದೆ, ಜಗ್ಗಲಿಲ್ಲ. ತಿರುಗುವಾಗ ಕೊಂಚ ಬಿಗಿ ಎನಿಸಿತು, ಬಹಳ ಕಾಲ ಮೂಲೆಯಲ್ಲಿ ಬಿದ್ದಿತ್ತೇನೋ ಎಂದುಕೊಂಡೆ. ಹೊಸ ಗ್ಯಾಸ್ಕೆಟ್ ಹಾಕಿ, ಎಣ್ಣೆಯ ಕೊಳವೆ ಜೋಡಿಸಿ, ಚಾಲೂ ಮಾಡಿದೆವು. ಎಂಜಿನ್ನು ಬಿಸಿಯಾಗುತ್ತಿದ್ದಂತೆ ಸೈಲೆನ್ಸರಿನಿಂದ ಬಿಳಿ ಹೊಗೆ ಎದ್ದಿತು, ಹಿಂದೆಯೇ ಕರ್ಕಶವಾದ ಕಿರುಚಾಟ. ಆರಿಸುವಷ್ಟರಲ್ಲಿ ಶಾಫ್ಟ್ ಮುರಿದಿತ್ತು.

ಬಿಚ್ಚಿದರೆ ಒಳಗಿನಿಂದ ಕೀವಿನ ಹಾಗೆ ಹಳದಿ ಗ್ರೀಸು ಇಳಿಯಿತು. ಬೇರಿಂಗು ಪೂರ್ತಿ ಸವೆದದ್ದು ಬೆರಳಿಗೆ ಗೊತ್ತಾಗದಿರಲಿ ಎಂದು ಗಟ್ಟಿ ಗ್ರೀಸು ಗಿಡಿದು ತುಂಬಿದ್ದ ಪುಣ್ಯಾತ್ಮ. ಅದು ಎಣ್ಣೆಯ ದಾರಿಯನ್ನೇ ಮುಚ್ಚಿತ್ತು. ಗಾಳಿ ತುರುಕುವ ರೆಕ್ಕೆಯ ಚೂರುಗಳು ಎಂಜಿನ್ನಿನ ಹೊಟ್ಟೆ ಸೇರಿದ್ದವು. ಥೂ, ಮನುಷ್ಯರು ಮಾಡುವ ಕೆಲಸವೇ ಇದು? ಆ ದಿನ ನನಗೆ ಅನ್ನ ಸೇರಲಿಲ್ಲ.

ಆ ಅಂಟು ಹೆಣವನ್ನು ಅದರ ನೇರಳೆ ಬಟ್ಟೆಯಲ್ಲೇ ಸುತ್ತಿ ಮದರಾಮೆಯ ಮನೆಗೆ ಹೊತ್ತೊಯ್ದೆ. ಇವಾವೊ ಬೇಡ ಬೇಡ ಎಂದು ತೋಳು ಜಗ್ಗುತ್ತಲೇ ಹಿಂದೆ ಬಂದ. ಮದರಾಮೆ ಚಹಾ ಇಟ್ಟ, ಮೂಲಂಗಿ ಉಪ್ಪಿನಕಾಯಿ ಇಟ್ಟ, ಗಂಟಿನ ಕಡೆ ಕಣ್ಣೂ ಹಾಯಿಸಲಿಲ್ಲ.

"ನಾನು ಅವತ್ತೇ ಹೇಳಿದ್ನಲ್ಲ ನೆಗಿಶಿಸಾನ್, ಕೆಲ್ಸಕ್ಕೆ ಬಾರದ್ದು ಅಂತ. ನೀವು ಅದನ್ನ ಗಾಡಿಗೇ ಹಾಕ್ಬಿಟ್ರಾ?"

"ಗ್ರೀಸು ತುಂಬಿದ್ದೂ ವಿನಯಕ್ಕೇನ್ರೀ?" ಎಂದೆ.

ಅವನು ನಗುತ್ತಾ ನನ್ನ ಬಟ್ಟಲಿಗೆ ಇನ್ನಷ್ಟು ಚಹಾ ಬಗ್ಗಿಸಿದ. ಇವಾವೊ ಕೊಟ್ಟ ಚಕ್ರಗಳು ಮದರಾಮೆಯ ಕಾರಿನಲ್ಲೇ ಅಂಗಳದಲ್ಲಿ ಮಿಂಚುತ್ತಿದ್ದವು. ಹೇಸಿಗೆಯೆಂದರೆ ಅದಲ್ಲ. ಇವಾವೊ ಚಾಪೆಗೆ ಹಣೆ ಹಚ್ಚಿ, ನಮ್ಮಿಂದ ನಿಮಗೆ ತೊಂದರೆಯಾಯಿತು, ಕ್ಷಮಿಸಬೇಕು ಎಂದ. ಅದನ್ನು ನೋಡಲಾರದೆ ನಾನು ಎದ್ದು ಹೊರಗೆ ಬಂದೆ.

"ನಿಂಗೆ ನಾಚಿಕೆ ಆಗಲ್ವೇನೋ?" ಎಂದು ದಾರಿಯಲ್ಲಿ ಬೈದೆ.

"ಜಗಳ ಆಡ್ತಾ ಕೂತ್ರೆ ಬೇಸ್ಗೆ ಮುಗ್ದೋಗುತ್ತೆ ಕಣೋ. ಇನ್ನೊಂದು ಹುಡ್ಕೋಣ ನಡಿ" ಎಂದ ಇವಾವೊ.

ಎಂಜಿನ್ನು ಇಳಿಸಿ, ಚೂರು ಆರಿಸಿ, ಗೀರು ಬಿದ್ದದ್ದನ್ನು ತಿದ್ದಿ ಮತ್ತೆ ಕೂರಿಸುವುದರಲ್ಲಿ ಆ ಬೇಸಿಗೆ ಹೇಗೂ ಮುಗಿದೇಹೋಯಿತು. ಕೊನೆಗೆ ಇಬಾರಾಕಿಯ ಒಂದು ಗುಜರಿಯಲ್ಲಿ ಟರ್ಬೊ ಸಿಕ್ಕಿತು. ನಂಬರಿನ ತಗಡೇ ಇಲ್ಲ, ಮೈಯೆಲ್ಲ ಒಣಗಿದ ಎಣ್ಣೆಯ ಹಕ್ಕಳೆ, ಬಾಯೊಳಗೆ ಸತ್ತ ಜಿರಳೆ. ಗುಜರಿಯವನು ಬಾಯಿಂದ ಸಿಗರೇಟು ತೆಗೆಯದೆ, ಬೇಕಾದರೆ ಒಯ್ಯಿರಿ, ಇಲ್ಲದಿದ್ದರೆ ದಾರಿ ಬಿಡಿ ಎಂದ. ಆ ಒರಟನ ಮೇಲೆ ನನಗೆ ಪ್ರೀತಿಯೇ ಉಕ್ಕಿತು. ಎರಕದಲ್ಲೇ ಮೂಡಿದ್ದ ಅಂಕಿಗಳನ್ನು ಕೆರೆದು ಓದಿದೆ, ರೆಕ್ಕೆ ಎಣಿಸಿದೆ, ಬೋಲ್ಟಿನ ತೂತುಗಳ ಮೇಲೆ ನಮ್ಮ ಗ್ಯಾಸ್ಕೆಟ್ ಇಟ್ಟು ನೋಡಿದೆ. ಎಲ್ಲ ಕೂಡಿತು. ಅವನ ಕಣ್ಣೆದುರಿಗೇ ಸೀಮೆಎಣ್ಣೆ ಸುರಿದು, ಶಾಫ್ಟನ್ನು ಹತ್ತು ಸಲ ಜಗ್ಗಿದೆ. ಅವನು ಬೇಜಾರೂ ಮಾಡಿಕೊಳ್ಳಲಿಲ್ಲ.

ಹುಟ್ಟುಹಬ್ಬಕ್ಕೆ ಸ್ವಲ್ಪ ಮುಂಚೆ ಘಾಟಿಗೆ ಹೊರಟೆವು. ಇವಾವೊ ಸ್ಟೀರಿಂಗ್ ಹಿಡಿದ, ನಾನು ಎಡಕ್ಕೆ ಕೂತೆ. ಏರು ಸಿಕ್ಕಿದ್ದೇ ಟರ್ಬೊ ಸಿಳ್ಳೆ ಹಾಕಿತು, ಬೆನ್ನು ಸೀಟಿಗೆ ಅಂಟಿತು, ಇವಾವೊ ಗಟ್ಟಿಯಾಗಿ ನಕ್ಕ. ಅಷ್ಟು ನಕ್ಕದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಒಂದು ತಿರುವಿನಲ್ಲಿ ಎಡಗಡೆಯ ಹೊಲದ ದಾರಿಯಿಂದ ಎಲೆಕೋಸು ತುಂಬಿದ ಪುಟ್ಟ ಲಾರಿ ರಸ್ತೆಗೆ ಇಳಿಯಿತು. ಅವನು ಬ್ರೇಕ್ ಮುಟ್ಟಲೇ ಇಲ್ಲ. ನಾನು ಕೂಗಿ ಸ್ಟೀರಿಂಗನ್ನು ಬಲಕ್ಕೆ ತಳ್ಳಿದೆ. ಎಡಗಡೆಯ ಕನ್ನಡಿ ಹಾರಿಹೋಯಿತು, ಜೀವ ಉಳಿಯಿತು.

ಕಾರು ನಿಂತಿತು. ಏನದು ಎಂದು ಕೇಳಿದ. ಲಾರಿ ಎಂದೆ. ಅವನು ತಲೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿ ನೋಡಿದ.

"ಮೇ ತಿಂಗ್ಳಲ್ಲಿ ಆ ಕಡೆ ಕಾಣ್ತಿತ್ತು ಕಣೋ" ಎಂದ.

ಮದರಾಮೆಯ ನಗು ನೆನಪಾಗಿ ನನ್ನ ಬಾಯೆಲ್ಲ ಕಹಿಯಾಯಿತು. ಅವನು ನುಂಗಿದ್ದು ಚಕ್ರಗಳನ್ನಲ್ಲ, ಇವಾವೊಗೆ ಕಣ್ಣು ಉಳಿದಿದ್ದ ಆ ಬೇಸಿಗೆಯನ್ನು. ಇವಾವೊ ಕೆಳಗಿಳಿದು, ಬಾನೆಟ್ಟಿನ ಮೇಲೆ ಕೈ ಸವರುತ್ತಾ ಸುತ್ತು ಬಂದು, ನನ್ನ ಕಡೆಯ ಬಾಗಿಲು ತೆರೆದ.

"ಜರುಗು. ನೀನೇ ಓಡ್ಸು."

ಘಾಟಿಯ ತುದಿಯವರೆಗೆ ನಾನೇ ಓಡಿಸಿದೆ. ಎಂಜಿನ್ನಿನ ಸದ್ದಿಗೆ ಕಿವಿ ಕೊಟ್ಟು, ಪ್ರತಿ ತಿರುವಿಗೂ ಯಾವ ಗೇರು ಹಾಕಬೇಕೆಂದು ಅವನು ಹೇಳುತ್ತಾ ಹೋದ.