ಎಡಗಾಲಿಯ ಸದ್ದು

ಹದಿನೆಂಟು ವರ್ಷ ಡೀಸೆಲ್ಲಿನಲ್ಲಿ ಅದ್ದಿದ ಕೈ ರಾಚವ್ವನದು. ಚರ್ಮ ಬಿಳಿಚಿ ಸುಲಿದಿತ್ತು. ಬೆರಳ ಸಂದಿಗಳಲ್ಲಿ ಸೀಳು ಬಿಟ್ಟು, ಖಾರ ಕಲಸಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ರೊಟ್ಟಿಗೂ ವಾಸನೆ ಹತ್ತುತ್ತದೆಂದು ಗಂಡ ಬದುಕಿದ್ದಾಗ ತಾಟು ದೂಡುತ್ತಿದ್ದ. ಈಗ ದೂಡುವವನಿಲ್ಲ. ವಾಸನೆ ಹೋಗಿಲ್ಲ.

ಮುಂಬಯಿಯ ಸಯನ್ ಸ್ಟೇಷನ್ನಿಗೆ ಹತ್ತಿರದ ಗಲ್ಲಿಯಲ್ಲಿ ಸುಹಾಸ ಸೇಠನ ಗ್ಯಾರೇಜು. ಮಿಸ್ತ್ರಿಗಳು ಬಿಚ್ಚಿದ ಸಾಮಾನೆಲ್ಲ ರಾಚವ್ವನ ಮುಂದಿನ ತಗಡಿನ ತಟ್ಟೆಗೆ ಬಂದು ಬೀಳುತ್ತದೆ. ಅವಳು ಕುಕ್ಕರಗಾಲಲ್ಲಿ ಕುಳಿತು, ಬ್ರಶ್ಶು ಹಿಡಿದು, ಜಿಡ್ಡು ತೆಗೆದು ಒರೆಸಿ ಕೊಡಬೇಕು. ಹಾಗೆ ತೊಳೆದೂ ತೊಳೆದೂ ಅವಳ ಕೈಗೆ ಒಂದು ವಿದ್ಯೆ ಹತ್ತಿತ್ತು. ಬೇರಿಂಗನ್ನು ಬೆರಳ ಮೇಲೆ ಒಂದು ಸುತ್ತು ತಿರುಗಿಸಿದರೆ ಅದರ ಆಯುಷ್ಯ ಎಷ್ಟೆಂದು ಹೇಳುತ್ತಿದ್ದಳು. ಯಾವುದಾದರೂ ಗಾಡಿ ಸದ್ದು ಮಾಡುತ್ತಿದ್ದು ಕಾರಣ ಸಿಗದಿದ್ದರೆ ಮಿಸ್ತ್ರಿಗಳು, "ರಾಚಕ್ಕನ್ನ ಕರೀರಿ" ಎನ್ನುತ್ತಿದ್ದರು. ಜ್ಯಾಕ್ ಹಚ್ಚಿ ಎತ್ತಿದ ಗಾಲಿಯನ್ನು ಒಬ್ಬ ಗಿರ್ರನೆ ತಿರುಗಿಸುತ್ತಿದ್ದ. ಅವಳು ಒಳಗಿನ ಸ್ಪ್ರಿಂಗಿನ ಮೇಲೆ ಅಂಗೈ ಇಟ್ಟು ಒಳಗಿನ ನಡುಕ ನೋಡುತ್ತಿದ್ದಳು. "ಬೇರಿಂಗ್ ಹೋಗ್ಯಾವ," ಎನ್ನುತ್ತಿದ್ದಳು. ಇಲ್ಲವೇ, "ಬೇರಿಂಗ್ ಛಲೋ ಅದಾವ, ಬ್ರೇಕ್ ತಾಗಾಕತ್ತೈತಿ." ಬಿಚ್ಚಿ ನೋಡಿದರೆ ಅದೇ ಇರುತ್ತಿತ್ತು. ಆದರೂ ಪಗಾರ ಮಾತ್ರ ತೊಳೆಯುವವಳದೇ.

ಸುಹಾಸ ಉಡುಪಿ ಕಡೆಯವನು. "ನಾವೆಲ್ಲ ಕನ್ನಡದವರು ಮಾರಾಯ್ತಿ, ಮನೆಯವರ ಹಾಗೆ. ಕಾಗದ ಪತ್ರ ಎಂತಕ್ಕೆ?" ಎಂದು ಮೊದಲ ದಿನವೇ ಹೇಳಿದ್ದ. ಗ್ಯಾರೇಜಿನ ಹಿಂದೆ ಹಳೆ ಟೈರು ಒಟ್ಟುವ ಒಂದು ಖೋಲಿಯನ್ನು ಅವಳಿಗೆ ಇರಲು ಕೊಟ್ಟಿದ್ದ. ಆ ಖೋಲಿಗೂ ಕಾಗದ ಇರಲಿಲ್ಲ, ಅವಳ ಕೆಲಸಕ್ಕೂ ಇರಲಿಲ್ಲ.

ಆ ಸೋಮವಾರ ನಾಲ್ಕೂ ಗಾಲಿ ಎಳೆಯುವ ದೊಡ್ಡ ಜೀಪೊಂದು ಸರ್ವಿಸಿಗೆ ಬಂತು. ದಾದರಿನ ಒಬ್ಬ ಬಿಲ್ಡರನದು. ಅವನ ಗಾಡಿಗಳೆಲ್ಲ ಇಲ್ಲಿಗೇ ಬರುತ್ತಿದ್ದುದರಿಂದ ಅವನ ಫೋನ್ ಬಂದರೆ ಸುಹಾಸ ಎದ್ದು ನಿಂತು ಮಾತಾಡುತ್ತಿದ್ದ. ಜೀಪು ಓಡಿಸುವವನು ಈಶ್ವರ. ಸಿಂದಗಿ ಕಡೆಯವನು, ರಾಚವ್ವನ ತವರಿನ ಪಕ್ಕದ ಊರವನು. ಗ್ಯಾರೇಜಿಗೆ ಬಂದಾಗಲೆಲ್ಲ "ಯಕ್ಕಾ, ಚಾ ಕುಡದಿ?" ಎಂದು ಕೇಳದೆ ಹೋಗುತ್ತಿರಲಿಲ್ಲ.

ಯಲ್ಲಾಲಿಂಗ ಮಿಸ್ತ್ರಿ ಮುಂದಿನ ಎರಡೂ ಗಾಲಿಗಳ ನಡುವಿನ ಹಬ್ ಬಿಚ್ಚಿ, ಒಳಗಿನ ಬೇರಿಂಗುಗಳನ್ನು ತಟ್ಟೆಗೆ ಹಾಕಿದ. ರಾಚವ್ವ ತೊಳೆದು ಒಂದೊಂದನ್ನೇ ತಿರುಗಿಸಿದಳು. ಎಡಗಾಲಿಯದು ಬೆರಳಿಗೆ ಕರಕರ ಎಂದಿತು. ರೋಲರುಗಳ ಮೇಲೆ ಸಿಡುಬಿನ ಕಲೆಯಂಥ ಗುಳಿಗಳು.

"ಯಲ್ಲಾ, ಇದ ಹೋಗೇತಿ ನೋಡಪಾ."

"ಗೊತ್ತೈತಿ ಯಕ್ಕಾ. ಗ್ರಾಂಟ್ ರೋಡಿಂದ ಹೊಸಾವು ತರಸ್ಯಾರ ಸೇಠ್."

ಹೊಸ ಡಬ್ಬಿ ಬಂದದ್ದನ್ನು ರಾಚವ್ವ ಕಂಡಳು. ಸಂಜೆ ಅದು ಸುಹಾಸನ ಟೇಬಲ್ಲಿನ ಮೇಲಿಂದ ಮಾಯವಾದದ್ದನ್ನೂ ಕಂಡಳು. ಯಲ್ಲಾಲಿಂಗನ ಅಂಗೈಯಲ್ಲಿ ಗ್ರೀಸು ತುಂಬಿಸಿಕೊಳ್ಳುತ್ತಿದ್ದದ್ದು ಅವಳು ತೊಳೆದ ಅದೇ ಗುಳಿಬಿದ್ದ ಬೇರಿಂಗು.

"ಅದ ಅಲ್ಲನೂ ಅದು?"

ಯಲ್ಲಾಲಿಂಗ ತಲೆ ಎತ್ತಲಿಲ್ಲ. "ಗ್ರೀಸ್ ಗಚ್ಚಾಗಿ ತುಂಬಿದ್ರ ಇನ್ನೊಂದ ವರ್ಷ ಓಡತೈತಂತ. ಬಿಲ್ಲಿನ್ಯಾಗ ಹೊಸಾದು. ಸೇಠ್ ಹೇಳ್ಯಾರ. ನಿನಗ್ಯಾಕ ಬೇಕು? ಸುಮ್ಮ ಕುಂದರ."

ಅವಳು ಸುಮ್ಮನೆ ಕುಳಿತಳು. ಇಂಥದ್ದು ಮೊದಲ ಸಲವೇನಲ್ಲ.

ಬುಧವಾರ ಈಶ್ವರ ಜೀಪನ್ನು ತಿರುಗಿ ತಂದ.

"ಸೇಠ್ರ, ಮುಂದಿನ ಗಾಲ್ಯಾಗ ಗೊಂಯ್ ಅಂತ ಸದ್ದು ಬರಾಕತ್ತೈತಿ. ಸ್ಪೀಡ್ ಏರಿದಂಗ ಅದೂ ಏರತೈತಿ. ಸರ್ವಿಸಕ್ಕ ಬಿಡೂಕಿಂತ ಮೊದಲ ಇಷ್ಟ ಇರಲಿಲ್ರಿ."

"ಅದು ಟೈರಿನ ಸದ್ದು ಮಾರಾಯ," ಎಂದ ಸುಹಾಸ. ಮುಂದಿನ ಟೈರು ಹಿಂದೆ, ಹಿಂದಿನದು ಮುಂದೆ ಹಾಕಿಸಿದ. ಬ್ರೇಕ್ ಡಿಸ್ಕಿನ ಹಿಂದಿನ ತಗಡು ಒಂದಿಷ್ಟು ಬಾಗಿದೆಯೆಂದು ಬಡಿಸಿ ನೆಟ್ಟಗೆ ಮಾಡಿಸಿದ. ಈಶ್ವರ ಹೋದ.

ಗುರುವಾರ ಮತ್ತೆ ಬಂದ. ಈ ಸಲ ಅವನು ತಾನೇ ಎಲ್ಲ ಪರೀಕ್ಷೆ ಮಾಡಿಕೊಂಡು ಬಂದಿದ್ದ.

"ನಾಲ್ಕೂ ಗಾಲಿ ಎಳ್ಯಾಕ ಹಬ್ಬಿನ ಲಾಕ್ ಹಾಕಿದ್ರೂ ಸದ್ದು ಐತಿ, ತಗದ್ರೂ ಐತಿ. ಅಂದ್ರ ಲಾಕಿಂದಲ್ಲ. ಟೈರ್ ಬದಲಿ ಮಾಡಿದ್ರೂ ಹೋಗಲಿಲ್ಲ, ಅಂದ್ರ ಟೈರಿಂದಲ್ಲ. ಬಲಕ್ಕ ಹೊಳ್ಳಿಸಿದಾಗ ಜೋರಾಗತೈತಿ. ಗಾಡಿ ಭಾರ ಎಡಕ್ಕ ಬೀಳತೈತಲ್ರಿ ಆಗ. ಎಡಗಾಲಿ ಬೇರಿಂಗ ಸೇಠ್ರ. ಬಿಚ್ಚಿ ನೋಡ್ರಿ ಒಮ್ಮೆ."

"ನೀನು ಡ್ರೈವರಾ, ಇಂಜಿನಿಯರಾ?" ಸುಹಾಸ ನಕ್ಕ. "ಹೊಸ ಬೇರಿಂಗ್ ಉಂಟು ಅದರಲ್ಲಿ. ಸೆಟ್ ಆಗ್ಲಿಕ್ಕೆ ನಾಲ್ಕು ದಿನ ಬೇಡ್ವಾ?"

ಗಾಲಿ ಎತ್ತಿಸಿ, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದ. ಗಾಲಿ ಸಡಿಲವಿರಲಿಲ್ಲ. "ನೋಡು, ಗಟ್ಟಿ ಉಂಟು."

ಈಶ್ವರ ಒಪ್ಪಲಿಲ್ಲ. "ರಾಚಕ್ಕಾ, ನೀ ಬಾ ಇಲ್ಲಿ. ನಿನ್ನ ಕೈ ಇಟ್ಟ ನೋಡು. ನೀ ಇಲ್ಲ ಅಂದ್ರ ನಾ ಸುಮ್ಮ ಹೋಗತೀನಿ."

ರಾಚವ್ವ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಯಲ್ಲಾಲಿಂಗ ಗಾಲಿ ತಿರುಗಿಸಿದ. ಸ್ಪ್ರಿಂಗಿನ ಮೇಲೆ ಇಟ್ಟ ಅಂಗೈಗೆ ಒಳಗಿನಿಂದ ಕಲ್ಲು ಅರೆದಂತೆ ನಡುಕ ಬಂತು. ಮೊಣಕೈವರೆಗೆ ಬಂತು. ಅವಳು ಮುಖ ಎತ್ತಿದಳು. ಸುಹಾಸ ಅವಳನ್ನೇ ನೋಡುತ್ತಿದ್ದ. ಗದರಲಿಲ್ಲ, ಕಣ್ಣು ಕಿಸಿಯಲಿಲ್ಲ. ಗ್ಯಾರೇಜಿನ ಹಿಂದಿನ ಖೋಲಿಯ ಕಡೆಗೆ ಒಮ್ಮೆ ಕತ್ತು ಹೊರಳಿಸಿದ, ಅಷ್ಟೇ.

"ಏನ್ ಹೇಳತೈತಿ ಯಕ್ಕಾ?"

"ಏನೂ ಇಲ್ಲಪಾ," ಎಂದಳು ರಾಚವ್ವ. "ಛಲೋ ಐತಿ."

ಈಶ್ವರ ಅವಳ ಮಾತು ನಂಬಿದ. ಅವಳ ಕೈಯನ್ನು ಆ ಗಲ್ಲಿಯಲ್ಲಿ ನಂಬದವರಿರಲಿಲ್ಲ.

"ಆದರೂ ಇವನ ಸಮಾಧಾನಕ್ಕೆ ಬೇರಿಂಗಿನ ನಟ್ ಇನ್ನೊಂದು ಅರ್ಧ ಸುತ್ತು ಬಿಗಿ ಮಾಡು," ಎಂದ ಸುಹಾಸ. ಯಲ್ಲಾಲಿಂಗನ ಕೈ ತಡೆಯಿತು. ಆ ನಟ್ಟು ಅತಿ ಬಿಗಿಯಾದರೆ ಬೇರಿಂಗು ಕಾಯುತ್ತದೆ, ಕಾದರೆ ತಿರುಗದೆ ಕಚ್ಚುತ್ತದೆ. ಅದು ಅವನಿಗೂ ಗೊತ್ತು, ಹೇಳಿದವನಿಗೂ ಗೊತ್ತು. ಬಿಗಿ ಮಾಡಿದ. ಸದ್ದು ಕಡಿಮೆಯಾಯಿತು. ಈಶ್ವರ ಎಲ್ಲರಿಗೂ ಕೈ ಮುಗಿದು, ಜೀಪು ಹತ್ತಿ ಹೋದ.

ಶನಿವಾರ ಬೆಳಿಗ್ಗೆ ಪನವೇಲಿನ ಆಚೆ ಹೆದ್ದಾರಿಯಲ್ಲಿ ಎಡಗಾಲಿ ಒಮ್ಮೆಲೇ ಕಚ್ಚಿತು. ಹಬ್ಬು ಸೀಳಿ ಗಾಲಿ ಕಳಚಿ ಹಾರಿತು. ಬಿಲ್ಡರನ ನೆಂಟರನ್ನು ಕರೆತರಲು ಈಶ್ವರ ಒಬ್ಬನೇ ಹೊರಟಿದ್ದ. ಜೀಪು ಕಲ್ಲಿನ ಗೋಡೆಗೆ ಬಡಿದು, ಮುಂಭಾಗ ಮಡಚಿ, ಅವನ ಬಲಗಾಲು ಅದರಲ್ಲಿ ಸಿಕ್ಕಿತು. ತಗಡು ಕತ್ತರಿಸಿ ಅವನನ್ನು ಹೊರಗೆ ತೆಗೆಯುವುದರೊಳಗೆ ಕಾಲು ಉಳಿಯುವ ಮಾತು ಮುಗಿದಿತ್ತು.

ಮಂಗಳವಾರ ನಜ್ಜುಗುಜ್ಜಾದ ಜೀಪನ್ನು ಕ್ರೇನಿನಲ್ಲಿ ಗ್ಯಾರೇಜಿಗೆ ತಂದು ಇಳಿಸಿದರು. ಹನ್ನೊಂದು ಗಂಟೆಗೆ ವಿಮೆಯವರು ನೋಡಲು ಬರುವವರಿದ್ದರು. ಒಂಬತ್ತಕ್ಕೇ ಸುಹಾಸ ಎಡಗಡೆಯ ಬೇರಿಂಗು ಬಿಚ್ಚಿಸಿ ರಾಚವ್ವನ ತಟ್ಟೆಗೆ ಹಾಕಿಸಿದ. ಅದು ಸುಟ್ಟು ನೀಲಿಗಟ್ಟಿತ್ತು. ಗ್ರೀಸು ಕರಿ ಇದ್ದಿಲಾಗಿ ಅಂಟಿತ್ತು. ಒಂದು ಕಡೆ ಕಂದುಗಟ್ಟಿದ ಬೇರೆ ಏನೋ ಇತ್ತು. ಅದು ಗ್ರೀಸಲ್ಲ.

"ಚೆನ್ನಾಗಿ ತೊಳಿ. ಆ ಕಪ್ಪೆಲ್ಲ ಹೋಗಬೇಕು. ನೀಲಿ ಕಾಣ್ಬಾರ್ದು, ಪಾಲಿಶ್ ಪೇಪರ್ ಹಾಕು."

"ಈಶ್ವರ ಹೆಂಗದಾನ್ರಿ?"

"ಕಾಲು ತೆಗೆದ್ರಂತೆ. ಜೋರು ಓಡಿಸಿದ, ಹೊಡ್ಕೊಂಡ. ಬಿಲ್ಡರ್ ಸಾಹೇಬ್ರೇ ಹೇಳ್ತಾರೆ, ಕುಡಿದಿದ್ದ ಅಂತ. ನೀ ನಿನ್ನ ಕೆಲಸ ಮಾಡು."

"ಅಂವ ಕುಡ್ಯಾಂವಲ್ಲ."

"ತೊಳೀತಿಯಾ ಇಲ್ವಾ?"

ರಾಚವ್ವನ ಕೈ ಬ್ರಶ್ಶಿನವರೆಗೆ ಹೋಯಿತು. ಹಿಡಿಯಲು ಆಗಲಿಲ್ಲ. "ಇದನ್ನ ನಾ ತೊಳ್ಯಾಂಗಿಲ್ರಿ," ಎಂದಳು. ತನ್ನ ದನಿಗೆ ತಾನೇ ಬೆಚ್ಚಿದಳು.

ಸುಹಾಸ ಡೀಸೆಲ್ ತಟ್ಟೆಯನ್ನು ಕಾಲಿಂದ ಒದ್ದ. ಅವಳ ಸೀರೆ, ಮಡಿಲು, ಮುಖ ಎಲ್ಲ ತೊಯ್ದಿತು. ಬೇರಿಂಗು ಅವಳ ಮಡಿಲಿಗೆ ಬಿತ್ತು. ಕಣ್ಣು ಉರಿದವು. "ಸಂಜೆಯೊಳಗೆ ಖೋಲಿ ಖಾಲಿ ಮಾಡು. ಯಲ್ಲಾಲಿಂಗ, ನೀನೇ ತೊಳಿ." ಬಿಲ್ಡರನ ಫೋನ್ ಬಂತು. ಬೆನ್ನು ನೆಟ್ಟಗೆ ಮಾಡಿ ಮಾತಾಡುತ್ತ ಹೊರಗೆ ಹೋದ.

ಯಲ್ಲಾಲಿಂಗ ಬಂದು ಅವಳ ಮುಂದೆ ಕುಳಿತ. ಬೆವೆತಿದ್ದ.

"ಕೊಡ ಯಕ್ಕಾ. ಕಾಲ ಬೀಳತೀನಿ. ನಟ್ ಬಿಗದಾಂವ ನಾ. ನನ್ನ ಹೆಸರ ಬರತೈತಿ. ನನಗ ಮಕ್ಕಳದಾವ."

"ಈಶ್ವರಗ ಇಲ್ಲೇನು?"

"ನೀನೂ ಸುಳ್ಳ ಹೇಳಿಯಲ್ಲ! ಕೈ ಇಟ್ಟ ಹೇಳಿಯಲ್ಲ, ಛಲೋ ಐತಿ ಅಂತ!"

"ಹೌದು, ಹೇಳೀನಿ," ಎಂದಳು ರಾಚವ್ವ. ಬೇರಿಂಗನ್ನು ಸೆರಗಿನಲ್ಲಿ ಕಟ್ಟಿಕೊಂಡು, ತೊಯ್ದ ಸೀರೆಯಲ್ಲೇ ಗ್ಯಾರೇಜಿನಿಂದ ಹೊರಬಿದ್ದಳು.

ಆಸ್ಪತ್ರೆಯ ವಾರ್ಡಿನಲ್ಲಿ ಈಶ್ವರ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಹೊದಿಕೆ ಬಲಗಡೆ ಮೊಣಕಾಲಿನ ಕೆಳಗೆ ಚಪ್ಪಟೆಯಾಗಿತ್ತು. ಹೆಂಡತಿ ಶುಭಾಂಗಿ ಸ್ಟೂಲಿನ ಮೇಲೆ ಕುಳಿತಿದ್ದಳು. ಮುಂಬಯಿಯಲ್ಲೇ ಹುಟ್ಟಿ ಮರಾಠಿ ಶಾಲೆಯಲ್ಲಿ ಓದಿದವಳು. ಕನ್ನಡ ತಡವರಿಸುತ್ತ ಬರುತ್ತಿತ್ತು.

ರಾಚವ್ವ ಗಂಟು ಬಿಚ್ಚಿ ಬೇರಿಂಗನ್ನು ಮಂಚದ ಅಂಚಿಗಿಟ್ಟಳು. ಜೀಪು ಸರ್ವಿಸಿಗೆ ಬಂದ ಸೋಮವಾರದಿಂದ ನಡೆದದ್ದನ್ನೆಲ್ಲ ಹೇಳಿದಳು. ಹೊಸ ಡಬ್ಬಿ, ಹಳೆ ಬೇರಿಂಗು, ಅಂಗೈಗೆ ಬಂದ ನಡುಕ, ತಾನು ಆಡಿದ ಸುಳ್ಳು. ಏನನ್ನೂ ಬಿಡಲಿಲ್ಲ.

ಈಶ್ವರ ಬೇರಿಂಗನ್ನು ಎತ್ತಿಕೊಂಡು ತಿರುಗಿಸಲು ನೋಡಿದ. ಅದು ತಿರುಗಲಿಲ್ಲ.

"ನೀ ಇಲ್ಲ ಅಂದಿ ಅಂತ ಹೋದೆ ಯಕ್ಕಾ," ಎಂದ. ಮತ್ತೆ ಗೋಡೆಯ ಕಡೆ ತಿರುಗಿದ.

ಶುಭಾಂಗಿ ಎದ್ದಳು. "ಮಾಲೂಮ್ ಇತ್ತು? ನಿಮಗೆ ಗೊತ್ತಿತ್ತು?" ಎಂದವಳೇ ರಾಚವ್ವನ ಕೆನ್ನೆಗೆ ಹೊಡೆದಳು. ಮತ್ತೊಂದು ಹೊಡೆದಳು. ರಾಚವ್ವ ಕೈ ಅಡ್ಡ ತರಲಿಲ್ಲ. ಪಕ್ಕದ ಮಂಚದವರು ಎದ್ದು ಕುಳಿತು ನೋಡಿದರು. ಮೂರನೆಯ ಸಲ ಎತ್ತಿದ ಕೈಯಲ್ಲೇ ಶುಭಾಂಗಿ ಅವಳ ರಟ್ಟೆ ಹಿಡಿದಳು.

"ಚಲಾ. ಪೊಲೀಸ್ ಕಡೆ ಬರ್ರಿ. ಎಲ್ಲ ಅಲ್ಲಿ ಹೇಳ್ರಿ."

ಠಾಣೆಯಲ್ಲಿ ಅವರನ್ನು ಮಧ್ಯಾಹ್ನದವರೆಗೆ ಬಾಗಿಲ ಬಳಿ ಕೂರಿಸಿದರು. ಬೇರಿಂಗು ಮತ್ತೆ ರಾಚವ್ವನ ಸೆರಗಿನ ಗಂಟಿನಲ್ಲಿತ್ತು. ಡೀಸೆಲ್ ವಾಸನೆಗೆ ಒಬ್ಬ ಪೊಲೀಸನು ಮೂಗು ಮುಚ್ಚಿಕೊಂಡು ಹಾದುಹೋದ. ಅಷ್ಟರಲ್ಲಿ ಸುಹಾಸ ಬಂದ, ಬಿಲ್ಡರನ ವಕೀಲನೂ ಬಂದ. ಇಬ್ಬರೂ ನೇರ ಒಳಗೆ ಹೋದರು. ಒಳಗೆ ಚಹಾ ಹೋಯಿತು. ಬಹಳ ಹೊತ್ತಿನ ಮೇಲೆ ಇನ್ಸ್‌ಪೆಕ್ಟರು ರಾಚವ್ವನನ್ನು ಕರೆಸಿದ.

"ತು ಕೋಣ? ಯಾರು ನೀನು? ಗ್ಯಾರೇಜಿನಲ್ಲಿ ನಿನಗೇನು ಕೆಲಸ?"

"ತೊಳಿಯಾಕಿ ಸಾಹೇಬ. ಹದಿನೆಂಟ ವರ್ಸಾತು."

ಶುಭಾಂಗಿ ಅದನ್ನು ಮರಾಠಿಯಲ್ಲಿ ಹೇಳಿದಳು. ಇನ್ಸ್‌ಪೆಕ್ಟರು ಸುಹಾಸನ ಕಡೆ ನೋಡಿದ.

"ಗ್ಯಾರೇಜಲ್ಲಿ ಹೆಂಗಸರನ್ನು ಯಾರು ಇಟ್ಕೊಳ್ತಾರೆ ಸರ್?" ಎಂದ ಸುಹಾಸ ಹಿಂದಿಯಲ್ಲಿ, ತೀರ ಸಮಾಧಾನದಿಂದ. "ಗಂಡ ಸತ್ತವಳು, ಪಾಪ ಅಂತ ಹಿಂದೆ ಮಲಗ್ಲಿಕ್ಕೆ ಜಾಗ ಕೊಟ್ಟಿದ್ದೆ. ಬೇಕಾದ್ರೆ ಪಗಾರದ ರಿಜಿಸ್ಟರ್ ನೋಡಿ. ಇವಳ ಹೆಸರಿದ್ರೆ ಕೇಳಿ."

ಹದಿನೆಂಟು ವರ್ಷ. ರಾಚವ್ವ ಅವನ ಮುಖವನ್ನೇ ನೋಡಿದಳು. ಅದರಲ್ಲಿ ಸುಳ್ಳು ಹೇಳಿದವನ ಅಳುಕು ಇರಲಿಲ್ಲ. ಆದರೂ ನಡೆದದ್ದನ್ನೆಲ್ಲ ಹೇಳಿದಳು, ಶುಭಾಂಗಿ ಮರಾಠಿಗೆ ತಿರುಗಿಸಿದಳು.

ಆಮೇಲೆ ಯಲ್ಲಾಲಿಂಗನನ್ನು ಕರೆತಂದರು. ಅವನ ಅಂಗಿಯ ಗುಂಡಿ ಹರಿದಿತ್ತು, ಕಿವಿ ಕೆಂಪಾಗಿತ್ತು. ಮೂಲೆಯಲ್ಲಿ ಕುಳಿತ. ಯಾರನ್ನೂ ನೋಡಲಿಲ್ಲ. ಹವಾಲ್ದಾರ ಎರಡು ಹಾಳೆ ತುಂಬ ಏನೋ ಬರೆದು ತಂದು, ಮಸಿಯ ಪ್ಯಾಡು ಮುಂದೆ ಇಟ್ಟ.

"ನೀ ಹೇಳಿದ್ದನ್ನೆಲ್ಲ ಬರೆದಾಗಿದೆ. ಹೆಬ್ಬಟ್ಟು ಒತ್ತು. ಆ ಸಾಮಾನು ಇತ್ತ ಕೊಡು."

"ಶುಭಾ, ಏನ್ ಬರದಾರ ಓದ ತಂಗಿ."

ಶುಭಾಂಗಿ ಹಾಳೆ ಎತ್ತಿಕೊಂಡಳು. ಮೊದಲು ಸರಸರ ಓದಿದಳು. ಆಮೇಲೆ ಮೊದಲಿಂದ ಮತ್ತೊಮ್ಮೆ, ಬೆರಳಿಟ್ಟುಕೊಂಡು ಓದಿದಳು.

"ಅಕ್ಕಾ, ಹೊಸ ಬೇರಿಂಗ್ ಚೋರಿ ಮಾಡಿ, ಜುನಾ, ಹಳೆ ಬೇರಿಂಗ್ ಹಾಕಿದ್ರು ಅಂತ ಅದೆ. ಇಬ್ಬರು. ಯಲ್ಲಾಲಿಂಗ. ಮತ್ತೆ ನೀವು."

"ಸುಹಾಸನ ಹೆಸರ ಇಲ್ಲ?"

"ಅದೆ." ಶುಭಾಂಗಿ ಹಾಳೆಯ ಮೇಲ್ತುದಿಗೆ ಬೆರಳಿಟ್ಟಳು. "ಮೇಲೆ ಅದೆ. ಕಂಪ್ಲೇಂಟ್ ಕೊಟ್ಟವರು ಅವರು."

ಸುಹಾಸ ಗಡಿಯಾರ ನೋಡಿಕೊಂಡು ಎದ್ದ. ಮೂಲೆಯಲ್ಲಿ ಯಲ್ಲಾಲಿಂಗ ಮೊದಲ ಬಾರಿ ತಲೆ ಎತ್ತಿದ. "ಬಿಗಿ ಅಂದಾಂವ ಅಂವ," ಎಂದ. ಯಾರಿಗೂ ಕೇಳಿಸಲಿಲ್ಲವೆಂದು ಗೋಡೆ ಹಿಡಿದು ಎದ್ದುನಿಂತು ಕೂಗಿದ. "ಹಳೇದ ಹಾಕು ಅಂದಾಂವ ಅಂವ! ನಟ್ ಬಿಗಿ ಅಂದಾಂವ ಅಂವ!" ಹವಾಲ್ದಾರನ ಏಟಿಗೆ ಅವನು ಕುಸಿದ.

ಹವಾಲ್ದಾರ ಅಲ್ಲಿಂದ ನೇರ ರಾಚವ್ವನ ಬಳಿ ಬಂದ. "ಕೊಡು," ಎಂದ. ಅವಳು ಬೇರಿಂಗನ್ನು ಎರಡೂ ಕೈಯಲ್ಲಿ ಹೊಟ್ಟೆಗೆ ಒತ್ತಿಕೊಂಡು ನೆಲಕ್ಕೆ ಕುಳಿತುಬಿಟ್ಟಳು. ಅವನು ಬಗ್ಗಿ, ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದ. ಸೀಳು ಬಿಟ್ಟ ಸಂದಿಗಳಿಂದ ರಕ್ತ ಬಂತು. ಶುಭಾಂಗಿ ಅವನ ತೋಳು ಹಿಡಿದು ಎಳೆಯುತ್ತಿದ್ದಳು.

"ಅದನ್ನ ಹರದ ಒಗೀರಿ," ಎಂದಳು ರಾಚವ್ವ ಇನ್ಸ್‌ಪೆಕ್ಟರನ ಕಡೆ ನೋಡಿ. ಅವಳು ಅಳುತ್ತಿರಲಿಲ್ಲ. "ಮತ್ತೊಂದ ಬರೀರಿ. ಒಂದನೇ ಹೆಸರು ಸುಹಾಸಂದು. ಎರಡನೇದು ಯಲ್ಲಾಲಿಂಗಂದು. ಮೂರನೇದು ನಂದು, ಗೊತ್ತಿದ್ದೂ ಸುಳ್ಳ ಹೇಳಿದಾಕಿ ಅಂತ ಬರೀರಿ. ಹಂಗ ಬರದ ಕೊಡ್ರಿ, ಹತ್ತೂ ಬೆರಳ ಒತ್ತತೀನಿ."