ಹಗಲು ಬಂದ ಜೀಪು

ಕುಮಟಾದ ಕಾಲೇಜಿನಲ್ಲಿ ಅಂದು ಅಪರಾಧದ ಕಾರಣ ಮತ್ತು ತಡೆಯ ಕುರಿತು ವಿಚಾರ ಸಂಕಿರಣ. ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕಿ ರೂಪಾ ಗೌಡಳಿಗೆ ವಂದನಾರ್ಪಣೆ ಒಪ್ಪಿಸಿದ್ದರು. ವೇದಿಕೆಯ ಪಕ್ಕದ ಬಾಗಿಲಲ್ಲಿ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದಾಗ ಕರ್ಕಿಯಿಂದ ಅವಳ ತಾಯಿ ನಾಗುವಿನ ಫೋನು ಬಂತು.

“ರೂಪಾ, ಹರೀಶನ್ನ ಪೊಲೀಸ್ರು ಹಿಡ್ಕಂಡು ಹೋದ್ರಂತೆ. ಮೊನ್ನೆ ರಾತ್ರಿ ತದಡೀಲಿ ಬೋಟಿನ ಬ್ಯಾಟರಿ ಕಳುವಾಗಿದ್ಯಂತೆ.”

“ಅಂವ ಎಂತ ಮಾಡ್ದ?”

“ಅಂವ ಎಂತ ಮಾಡ್ಲೂ ಇಲ್ಲ. ಜ್ವರ ಬಂದು ನಿನ್ನೆವರೆಗೆ ನನ್ನ ಕಣ್ಣೆದುರೇ ಮಲಗಿದ್ದ. ಇವತ್ತು ಕೆಲಸಕ್ಕೆ ಹೋದದ್ದೇ, ಅಂಗಡಿ ಮುಂದೆ ಜೀಪು ನಿಲ್ಸಿ, ಕಾಲರ್ ಹಿಡ್ದು ಹತ್ಸಿದ್ರಂತೆ.”

ರೂಪಾಳ ಕಿವಿ ಬಿಸಿಯಾಯಿತು. ಅವಳ ತಮ್ಮ ಹರೀಶ ಹದಿನೆಂಟನೆಯ ವಯಸ್ಸಿನಲ್ಲಿ ಸಂತೆಗುಳಿಯ ಒಂದು ತೋಟದಿಂದ ನೀರಿನ ಪಂಪು ಕದ್ದು ಮಾರಿದ್ದ. ಸಿಕ್ಕಿಬಿದ್ದ, ಜೈಲಿಗೂ ಹೋಗಿಬಂದ. ಆಮೇಲೆ ತದಡಿಯಲ್ಲಿ ದೋಣಿಯ ಎಂಜಿನ್ ರಿಪೇರಿ ಮಾಡುವ ಮಾಬ್ಲೇಶ್ವರ ಅವನನ್ನು ಕೆಲಸಕ್ಕಿಟ್ಟುಕೊಂಡಿದ್ದ. ಅಂದಿನಿಂದ ಅವನು ಪರರ ಸಾಮಾನಿನ ಕಡೆ ಕಣ್ಣೆತ್ತಿ ನೋಡಿದವನಲ್ಲ. ಆದರೂ ದೇವಸ್ಥಾನದ ಗಂಟೆ ಹೋಗಲಿ, ಯಾರದೋ ಬೈಕು ಹೋಗಲಿ, ಪೊಲೀಸರಿಗೆ ಮೊದಲು ನೆನಪಾಗುವುದು ಹರೀಶನೇ. ಸಂಜೆಯವರೆಗೆ ಕೂರಿಸಿ, ಎರಡು ಬಿಗಿದು, ಬಿಟ್ಟುಬಿಡುತ್ತಿದ್ದರು.

ವೇದಿಕೆಯ ಮೇಲೆ ಭಾಷಣ ರಂಗೇರಿತ್ತು. ವಿಭಾಗದ ಮುಖ್ಯಸ್ಥ ಮಧುಸೂದನ ಹೆಗಡೆಯವರು, “ಮನೆ, ಮಠ, ನೆರೆಹೊರೆ ಮನುಷ್ಯನನ್ನು ಹಿಡಿದಿಡುತ್ತವೆ. ಆ ಹಿಡಿತ ಸಡಿಲಾದಲ್ಲಿ ಕಳ್ಳತನ ಹುಟ್ಟುತ್ತದೆ. ತಾಯಂದಿರು ಬಿಗಿಯಾಗಿರಬೇಕು” ಎಂದರು. ಹೊನ್ನಾವರದಿಂದ ಬಂದಿದ್ದ ನಿವೃತ್ತ ಪ್ರಾಧ್ಯಾಪಕ ಶ್ರೀಕೃಷ್ಣ ಭಟ್ಟರು ಒಪ್ಪಲಿಲ್ಲ. “ಎಲ್ಲರಿಗೂ ಒಂದೇ ಬೈಕಿನ ಆಸೆ ತೋರಿಸುತ್ತೀರಿ, ಕೊಳ್ಳುವ ದಾರಿ ಮಾತ್ರ ಕೆಲವರಿಗೆ ಇಡುತ್ತೀರಿ. ತಾಯಂದಿರು ಏನು ಮಾಡಬೇಕು? ಕೆಲಸ ಕೊಡಿ” ಎಂದರು. ಮುಖ್ಯ ಅತಿಥಿಯಾಗಿದ್ದ, ತದಡಿಯೂ ತಮ್ಮ ವ್ಯಾಪ್ತಿಗೇ ಬರುವ ಇನ್ಸ್‌ಪೆಕ್ಟರ್ ನಕ್ಕರು. “ಇದೆಲ್ಲ ಪರೀಕ್ಷೆಯಲ್ಲಿ ಬರೆಯೋಕೆ ಚೆನ್ನ. ಕತ್ತಲಿದ್ದಲ್ಲಿ ಕಳ್ಳ ಬರ್ತಾನೆ. ಲೈಟು ಹಾಕಿ, ಕ್ಯಾಮೆರಾ ಹಾಕಿ. ಒಮ್ಮೆ ಕದ್ದವನ ಮೇಲೆ ಸದಾ ಒಂದು ಕಣ್ಣಿಡಿ.” ಹುಡುಗರು ಚಪ್ಪಾಳೆ ತಟ್ಟಿದರು. ಮೂವರೂ ಒಬ್ಬರ ಕಾಲನ್ನೊಬ್ಬರು ಎಳೆಯುತ್ತ, ನಗುತ್ತ ಕೋಕಂ ಪಾನಕ ಕುಡಿದರು.

ರೂಪಾ ಮೈಕಿನ ಮುಂದೆ ನಿಂತಳು. ಬರೆದು ತಂದ ಚೀಟಿ ಕೈಯಲ್ಲೇ ಮುದ್ದೆಯಾಗಿತ್ತು.

“ಎಲ್ಲರಿಗೂ ವಂದನೆ. ನನ್ನ ತಮ್ಮ ಹಿಂದೆ ಒಂದು ಪಂಪು ಕದ್ದಿದ್ದ. ಶ್ರೀಕೃಷ್ಣ ಸರ್, ಅದೇ ಬಡತನದಲ್ಲಿ ಅದೇ ಗಂಜಿ ಉಂಡು ನಾನೂ ಬೆಳೆದೆ. ನಾನು ಕದಿಯಲಿಲ್ಲ. ಮಧುಸೂದನ ಸರ್, ನಮ್ಮಿಬ್ಬರಿಗೂ ಬೈದು ಬುದ್ಧಿ ಹೇಳಿದ ತಾಯಿ ಒಬ್ಬಳೇ. ಅವನು ಯಾಕೆ ಕದ್ದ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಯಾಕೆ ಬಿಟ್ಟ ಅಂತ ಗೊತ್ತು. ಒಬ್ಬರು ನಂಬಿ ಕೆಲಸ ಕೊಟ್ಟರು. ಇವತ್ತು ಈ ಸಾಹೇಬರ ಜೀಪು ಆ ಅನ್ನಕ್ಕೆ ಕಲ್ಲು ಹಾಕಿ ಬಂದಿದೆ. ಜ್ವರದಲ್ಲಿ ಮಲಗಿದ್ದವನು ಬ್ಯಾಟರಿ ಹೇಗೆ ಕದ್ದ, ಹೇಳಿ ಸಾಹೇಬರೇ?”

“ಬರೀ ವಿಚಾರಣೆ ಮೇಡಂ, ರೂಟೀನ್” ಎಂದು ಇನ್ಸ್‌ಪೆಕ್ಟರ್ ಟೋಪಿ ಎತ್ತಿಕೊಂಡು ಎದ್ದರು.

ಸಂಜೆ ಹರೀಶನನ್ನು ಬಿಟ್ಟರು. ತುಟಿ ಬಾತಿತ್ತು. ಮರುದಿನ ಮಾಬ್ಲೇಶ್ವರ ಕೆಲಸಕ್ಕೆ ಬರಬೇಡವೆಂದು ಹೇಳಿಕಳಿಸಿದ. ರೂಪಾ ಸ್ಕೂಟಿ ಹತ್ತಿ ನೇರ ತದಡಿಗೆ ಹೋದಳು.

“ಅಂವ ಕದ್ದದ್ದಲ್ಲ ಹೇಳಿ ನಂಗೊತ್ತು ತಂಗಿ,” ಮಾಬ್ಲೇಶ್ವರ ತಲೆ ಎತ್ತಲಿಲ್ಲ. “ಬೋಟಿನವ್ರಿಗೆ ಗೊತ್ತದೆಯಾ? ನಿನ್ನೆಯೇ ಇಬ್ರು ಎಂಜಿನ್ ವಾಪಸ್ ತಕಂಡು ಹೋದ್ರು.”

“ಇಷ್ಟು ವರ್ಷ ನಂಬಿದ್ದು ಒಂದು ಜೀಪು ಕಂಡಕೂಡ್ಲೆ ಹೋಯ್ತಾ ನಿಮ್ದು?”

ಅವನು ಮತ್ತೊಂದು ನಟ್ಟು ಬಿಚ್ಚತೊಡಗಿದ. ಅವಳು ಸ್ಪ್ಯಾನರ್ ಇಟ್ಟ ತಗಡಿನ ಡಬ್ಬಿಯನ್ನು ಕಾಲಿನಿಂದ ಒದ್ದು ಹೊರಬಂದಳು.

ಮುಂದಿನ ವಾರ ಬ್ಯಾಟರಿ ಸಿಕ್ಕಿತು. ಕದ್ದವನು ಬೋಟಿನ ಮಾಲೀಕನ ಸ್ವಂತ ಭಾವ. ಮನೆಯ ಮಾನಕ್ಕಂಜಿ ಮಾಲೀಕ ಅದನ್ನು ಮುಚ್ಚಿಟ್ಟ, ಪೊಲೀಸರೂ ಈ ಸುದ್ದಿಯನ್ನು ಮಾಬ್ಲೇಶ್ವರನ ಅಂಗಡಿಯವರೆಗೆ ಮುಟ್ಟಿಸಲಿಲ್ಲ. ಪೇದೆಯೊಬ್ಬನಿಂದ ವಿಷಯ ತಿಳಿದ ರೂಪಾ ರಜೆ ಹಾಕಿ ಠಾಣೆಗೆ ಹೋದಳು.

“ಬಿಟ್ಟಿದ್ದೀವಲ್ಲ ಮೇಡಂ, ಇನ್ನೆಂತ?” ಎಂದರು ಇನ್ಸ್‌ಪೆಕ್ಟರ್.

“ಹಾಡಹಗಲು ಜೀಪಲ್ಲಿ ಎಳ್ಕಂಡು ಬಂದ್ರಿ. ಹಾಡಹಗಲು ಅದೇ ಜೀಪಲ್ಲಿ ಹೋಗಿ, ಅವಂದು ತಪ್ಪಿಲ್ಲ ಅಂತ ಹೇಳಿ.”

“ಪೊಲೀಸರು ಹಾಗೆಲ್ಲ ಹೇಳ್ಕೊಂಡು ತಿರುಗೋದಿಲ್ಲ.”

“ಹಾಗಾದ್ರೆ ನಾನು ಈ ಬೆಂಚಿಂದ ಏಳೋದಿಲ್ಲ.”

ಯಾರಿಂದಲೋ ಸುದ್ದಿ ಕೇಳಿ ಶ್ರೀಕೃಷ್ಣ ಭಟ್ಟರು ಹೊನ್ನಾವರದಿಂದ ಬಸ್ಸಿಗೆ ಬಂದು ಅದೇ ಬೆಂಚಿನ ಮೇಲೆ ಕೂತರು. “ಊಟ ಕಟ್ಟಿಸ್ಕಂಡೇ ಬಂದಿದ್ದೇನೆ” ಎಂದರು. ಮಧುಸೂದನರು ಫೋನು ಮಾಡಿದರು. ಪ್ರಿನ್ಸಿಪಾಲರಿಗೆ ಸಿಟ್ಟು ಬಂದಿದೆ, ಮುಂದಿನ ವರ್ಷದ ನೇಮಕಾತಿ ನೆನಪಿರಲಿ ಎಂದರು. ರೂಪಾ ಮಾತು ಮುಗಿಯುವ ಮುನ್ನವೇ ಫೋನು ಕಡಿದಳು. ಮಧ್ಯಾಹ್ನ ಪೇಪರಿನವರಿಬ್ಬರು ಕ್ಯಾಮೆರಾ ಹಿಡಿದು ಅಂಗಳಕ್ಕೆ ಬಂದರು. ಆಗ ಇನ್ಸ್‌ಪೆಕ್ಟರ್ ಚಾಲಕನನ್ನು ಕೂಗಿದರು.

ಜೀಪು ಮಾಬ್ಲೇಶ್ವರನ ಅಂಗಡಿಯೆದುರು ನಿಂತಿತು. ಇನ್ಸ್‌ಪೆಕ್ಟರ್ ಇಳಿಯಲಿಲ್ಲ. ಕಿಟಕಿಯಿಂದಲೇ, “ಏ ಮಾಬ್ಲೇಶ್ವರ, ಬ್ಯಾಟರಿ ಕೇಸಲ್ಲಿ ಹರೀಶಂದು ಎಂತ ಇಲ್ಲ. ಕೆಲಸಕ್ಕೆ ಇಟ್ಕೊ” ಎಂದರು. ಮೀನಿನ ಬುಟ್ಟಿ ಹೊತ್ತವರು, ಬಲೆ ಹೊಲಿಯುತ್ತಿದ್ದವರು ತಿರುಗಿ ನೋಡಿದರು. ತಪ್ಪಾಯಿತು ಎಂಬ ಮಾತು ಬರಲಿಲ್ಲ. ಜೀಪು ಧೂಳೆಬ್ಬಿಸಿ ಹೋಯಿತು.

ಮರುದಿನ ಹರೀಶ ಕೆಲಸಕ್ಕೆ ಹೋದ. ಅವನನ್ನು ಕಂಡು ಖುಷಿಪಡಲೆಂದು ರೂಪಾಳೂ ಹೋದಳು. ಅವನು ಎಂಜಿನ್ನಿನ ಎಣ್ಣೆ ಒರೆಸುತ್ತ ಅವಳತ್ತ ನೋಡಿದ ನೋಟದಲ್ಲಿ ಬೆಂಕಿಯಿತ್ತು.

“ಅಕ್ಕಾ, ಮೈಕಲ್ಲಿ ಹೇಳಿದ್ಯಂತೆ ನಾ ಕದ್ದವ ಹೇಳಿ. ತದಡೀಲಿ, ಊರಲ್ಲಿ ಗೊತ್ತಿತ್ತು. ಈಗ ಕುಮಟಾದ ಕಾಲೇಜಿಗೂ ಗೊತ್ತಾತು.”

“ನಿನ್ನ ಬಿಡಿಸೂಕೆ ಹೇಳಿದ್ದಲ್ವನಾ?”

“ಬಿಡಿಸ್ದೆ, ಹೌದು. ನನ್ನ ಒಂದು ಮಾತು ಕೇಳ್ದೆಯಾ?” ಅವನು ಬಟ್ಟೆಯನ್ನು ನೆಲಕ್ಕೆಸೆದ. “ಯಾಕೆ ಕದ್ದ ಗೊತ್ತಿಲ್ಲ ಅಂದ್ಯಂತೆ. ಪೊಲೀಸ್ರು ಎಲ್ಲಿಟ್ಟೆ ಅಂತ ಕೇಳಿದ್ರು. ಅವ್ವಿ ಅತ್ತಳು. ನೀನು ದೊಡ್ಡ ದೊಡ್ಡ ಪುಸ್ತಕ ಓದ್ದೆ. ಯಾಕೆ ಅಂತ ಒಂದಿನ ನನ್ನ ಕೇಳಿದ್ಯನೇ?”

ಇಷ್ಟು ದಿನ ಎಲ್ಲರ ಮೇಲೂ ಉರಿಯುತ್ತಿದ್ದ ರೂಪಾಳ ಸಿಟ್ಟು ಈಗ ಅವಳ ಮೇಲೇ ತಿರುಗಿತು.

“ಈಗ ಕೇಳ್ತೆ. ಹೇಳು.”

“ಈಗ ಕೆಲಸ ಅದೆ.”

ಅವನು ಬೆನ್ನು ತಿರುಗಿಸಿ ಎಂಜಿನ್ನಿನೊಳಗೆ ಕೈ ಹಾಕಿದ. ಕಾಲೇಜಿನ ಮೊದಲ ತರಗತಿಗೆ ಹೊತ್ತಾಗಿತ್ತು. ರೂಪಾ ಅಂಗಡಿಯ ಬದಿಗೆ ಬಿದ್ದಿದ್ದ ಮೀನಿನ ಪೆಟ್ಟಿಗೆಯೊಂದನ್ನು ಬೋರಲು ಹಾಕಿ, ಅದರ ಮೇಲೆ ಕೂತಳು.