ಎರವಲು ಗಂಟಲು

ಓದಿದ್ದು ಬಿ.ಎ., ಮಾಡುವುದು ಇಸ್ತ್ರಿ. ಕಾಲೇಜಿನಲ್ಲಿ ಸ್ತ್ರೀಲೋಲನೆಂಬ ಬಿರುದು ಎಷ್ಟು ಒದ್ದಾಡಿದರೂ ಸಿಗಲಿಲ್ಲ, ಇಲ್ಲಿಗೆ ಬಂದು ಇಸ್ತ್ರಿಲೋಲನಾದೆ. ಈ ಜೋಕನ್ನು ನಾನೇ ಹೇಳಿ ನಾನೇ ನಗಬೇಕು. ಹೋಟೆಲಿನ ಲಾಂಡ್ರಿಯಲ್ಲಿ ಮಿಕ್ಕವರಿಗೆ ಕನ್ನಡ ಬರುವುದಿಲ್ಲ. ಬರುವ ಒಬ್ಬರಿಗೆ ನಗಲು ದನಿಯಿಲ್ಲ.

ಆ ಒಬ್ಬರು ನನ್ನ ಭಾವ, ಅಕ್ಕನ ಗಂಡ. ಈ ಸುಡುವ ದೇಶಕ್ಕೆ ಮೊದಲು ಬಂದವರು, ನನ್ನನ್ನು ಕರೆಸಿಕೊಂಡವರು ಅವರೇ. ಬಾಯ್ಲರ್ ನೋಡಿಕೊಳ್ಳುತ್ತಿದ್ದರು, ಬಾಯ್ಲರಿಗಿಂತ ಬಾಯಿ ಜೋರು. ಈ ವರ್ಷ ಗಂಟಲಿನಲ್ಲಿ ಗಂಟು ಕಾಣಿಸಿತು. ಗಂಟಿನ ಜೊತೆಗೆ ಡಾಕ್ಟರು ಧ್ವನಿಪೆಟ್ಟಿಗೆಯನ್ನೂ ತೆಗೆದರು. ಈಗ ಕುತ್ತಿಗೆಯ ಮುಂದೆ ಒಂದು ತೂತು, ತೂತಿನ ಮೇಲೆ ಬಿಳಿ ಬಟ್ಟೆಯ ತುಂಡು. ಉಸಿರು ಅಲ್ಲಿಂದಲೇ ಒಳಗೆ, ಅಲ್ಲಿಂದಲೇ ಹೊರಗೆ. ಬಾಯಿ ಉಣ್ಣುವುದಕ್ಕೆ ಮಾತ್ರ. ಅವರನ್ನು ಬಾಯ್ಲರಿನಿಂದ ಬಿಡಿಸಿ ಬಟ್ಟೆ ಮಡಚುವ ಮೇಜಿಗೆ ಹಾಕಿದರು. ಧಣಿಗಳಿಗೆ ನಮ್ಮ ಕೈ ಬೇಕು, ದನಿ ಯಾಕೆ?

ಅಕ್ಕನಿಗೆ ಇದು ಗೊತ್ತಿಲ್ಲ. ಹೇಳಿದರೆ ‘ಇದ್ದಬದ್ದದ್ದು ಬಿಟ್ಟು ಎದ್ದು ಬನ್ನಿ’ ಎನ್ನುತ್ತಾಳೆ. ಎದ್ದು ಹೋದರೆ ಕೆಲಸದ ಜೊತೆ ಹೋಟೆಲಿನವರು ಕೊಡಿಸುತ್ತಿರುವ ಚಿಕಿತ್ಸೆಯೂ ನಿಂತುಹೋಗುತ್ತದೆ. ಕಾಯಿಲೆ ಬೇರುಸಮೇತ ಹೋಗಿದೆ ಎಂದು ಡಾಕ್ಟರು ಹೇಳುವ ತನಕ ಗುಟ್ಟು ಗುಟ್ಟಾಗಿಯೇ ಇರಬೇಕು. ಅಲ್ಲಿಯವರೆಗೆ ಫೋನಿನಲ್ಲಿ ನನ್ನ ಅಕ್ಕನಿಗೆ ಗಂಡನಾಗಿ ಮಾತಾಡುವ ಕರ್ಮ ನನ್ನದು.

ಪ್ರಿನ್ಸಿಪಾಲರಿಂದ ಪ್ಯೂನಿನವರೆಗೆ ಇಡೀ ಕಾಲೇಜನ್ನು ಗಂಟಲಲ್ಲಿ ಇಟ್ಟುಕೊಂಡಿದ್ದವನು ನಾನು. ಭಾವನ ದನಿ ಕಷ್ಟವಲ್ಲ: ಮಾತಿನ ಮೊದಲಿಗೆ ಒಂದು ‘ಹ್ಞಾಂ’, ಕೊನೆಗೆ ಒಂದು ‘ಕಣೇ’, ನಡುವೆ ಮೂಗಿನಲ್ಲಿ ಪಂಪ್ ಸ್ಟೋವಿನ ಸದ್ದು. ಅಕ್ಕನದು ಗುಂಡಿ ಒತ್ತುವ ಹಳೇ ಫೋನು, ಮುಖ ತೋರಿಸುವ ತಾಪತ್ರಯವಿಲ್ಲ. ಕಷ್ಟ ಬೇರೆ ಕಡೆ ಇತ್ತು. ಒಡಹುಟ್ಟಿದವಳು ‘ರೀ’ ಎಂದು ರಾಗ ಎಳೆದಾಗ ನನ್ನ ಕಿವಿ ಇಸ್ತ್ರಿಪೆಟ್ಟಿಗೆಯಷ್ಟು ಕಾಯುತ್ತಿತ್ತು.

ಕ್ರಿಸ್ಮಸ್ ಮಧ್ಯಾಹ್ನ. ಮೇಲೆ ಊಟದ ಹಾಲಿನಲ್ಲಿ ಹತ್ತಿಯ ಹಿಮ ಹರಡಿದ್ದರು. ಕೆಳಗೆ ನೆಲಮಾಳಿಗೆಯಲ್ಲಿ ನಾವು ಹಬೆಯಲ್ಲಿ ಬೇಯುತ್ತ, ಸಾರು ಚೆಲ್ಲಿದ ಮೇಜುಬಟ್ಟೆಗಳನ್ನು ಒಗೆದು, ಒತ್ತಿ, ಮಡಚಿ ಮತ್ತೆ ಮೇಲಕ್ಕೆ ಕಳಿಸುತ್ತಿದ್ದೆವು. ಮೇಸ್ತ್ರಿಯ ಕಣ್ಣು ತಪ್ಪಿಸಿ ಇಬ್ಬರೂ ಬಟ್ಟೆ ಇಡುವ ಕೋಣೆಗೆ ನುಗ್ಗಿ ಬಾಗಿಲು ಹಾಕಿಕೊಂಡೆವು. ಭಾವ ಕೊಳೆ ಬಟ್ಟೆಯ ಗಂಟಿನ ಮೇಲೆ ಕೂತರು. ಗೋಡೆಯಾಚೆ ಯಂತ್ರಗಳು ಧಡಧಡ ಎನ್ನುತ್ತಿದ್ದವು. ನಾನು ಫೋನನ್ನು ಕಿವಿಗೆ ಒತ್ತಿಕೊಂಡೆ.

“ಹ್ಞಾಂ, ಏನೇ! ಹ್ಯಾಪಿ ಕ್ರಿಸ್ಮಸ್ ಕಣೇ!”

“ಓಹೋ, ಈಗ ನೆನಪಾದ್ಲಾ ಹೆಂಡ್ತಿ? ಇಲ್ಲಿ ಹಲ್ಲು ಕಟಕಟ ಅನ್ನೋ ಚಳಿ ರೀ. ಅಲ್ಲಿ?”

“ಇಲ್ಲಿ ಕ್ರಿಸ್ಮಸ್ ತಾತ ಬಂದ್ರೆ ಗಡ್ಡ ಬೋಳಿಸ್ಕೊಂಡು ಬನೀನಲ್ಲಿ ಕೂರ್ತಾನೆ ಕಣೇ.”

ಅಕ್ಕ ನಕ್ಕಳು. “ನಿಮ್ಮ ಜೋಕೂ ನನ್ನ ತಮ್ಮನ ಜೋಕಿನ ಥರಾನೇ ಹಳಸ್ತಾ ಇದೆ. ಸಹವಾಸ ದೋಷ.”

ಭಾವ ನನ್ನ ಮೊಣಕಾಲು ತಟ್ಟಿ, ನೆಲದಿಂದ ಒಂದಷ್ಟು ಎತ್ತರಕ್ಕೆ ಅಂಗೈ ಹಿಡಿದು ತೋರಿಸಿದರು. ಮಗಳು.

“ಹ್ಞಾಂ, ಮಗಳು ಏನ್ ಮಾಡ್ತಿದಾಳೆ?”

“ಕ್ರಿಸ್ಮಸ್ ಗೋದಲಿ ಮುಂದೆ ಕೂತು ಗೊಂಬೆ ಕುರಿಗಳ ಜೊತೆ ಜಗಳ ಆಡ್ತಿದಾಳೆ.” ಅಕ್ಕನ ದನಿ ತಗ್ಗಿತು. “ರೀ, ಪುಟ್ಟ ಪಕ್ಕದಲ್ಲಿದಾನಾ?”

ಪುಟ್ಟ ಎಂದರೆ ನಾನು. ಮೀಸೆ ಬಂದು ಎಷ್ಟು ಕಾಲವಾದರೂ ಅವಳಿಗೆ ಪುಟ್ಟನೇ.

“ಇಲ್ಲ ಕಣೇ, ಇಸ್ತ್ರಿ ಮುಂದೆ ನಿಂತಿದಾನೆ. ಯಾಕೆ?”

“ಅವನಿಗೆ ಕೇಳಿಸ್ಬಾರ್ದು. ಬಾಗಿಲು ಹಾಕ್ಕೊಳ್ಳಿ.”

“ಹಾಕಿದೀನಿ, ಹೇಳು.”

“ಅಮ್ಮ ಹೋಗ್ಬಿಟ್ಲು ರೀ.”

‘ಹೋದ್ಲು ಅಂದ್ರೆ ಎಲ್ಲಿಗೆ, ಸಂತೆಗಾ?’ ಎಂಬ ದರಿದ್ರ ಜೋಕು ನಾಲಿಗೆಯ ತುದಿಗೆ ಬಂದು ನಿಂತಿತು. ಅಭ್ಯಾಸಬಲ. ಅದನ್ನು ನುಂಗಿದೆ. ಅದರ ಹಿಂದೆ ಬಂದದ್ದನ್ನೂ ನುಂಗಿದೆ.

“ಹೋದ ತಿಂಗಳು. ಮಲಗಿದೋಳು ಬೆಳಿಗ್ಗೆ ಏಳ್ಲೇ ಇಲ್ಲ. ಮಣ್ಣು ಮಾಡಿದ್ದೂ ಆಯ್ತು. ನಿಮಗೂ ಹೇಳ್ಲಿಲ್ಲ, ನಿಮ್ಮ ಹೊಟ್ಟೇಲಿ ಮಾತು ನಿಲ್ಲಲ್ಲ, ಅವನಿಗೆ ಹೇಳ್ಬಿಡ್ತೀರಿ ಅಂತ.”

ಎದುರಿಗೆ ಭಾವ ಹುಬ್ಬು ಹಾರಿಸಿದರು: ಏನಂತೆ? ನಾನು ಕೈಯಲ್ಲಿ ‘ತಾಳಿ’ ಎಂದೆ.

“ಹ್ಞಾಂ... ಮೊನ್ನೆ ಭಾನುವಾರ ಅಮ್ಮನ ಹತ್ರ ಅವನು ಮಾತಾಡಿದ್ನಲ್ಲೇ?”

“ಅದು ನಾನು ರೀ. ಕೆಮ್ಮಿ ಕೆಮ್ಮಿ ಅಮ್ಮನ ಥರ ಮಾತಾಡ್ದೆ. ಅಷ್ಟು ದೊಡ್ಡ ಮಿಮಿಕ್ರಿ ಶೂರ, ಪಾಪ, ಅವನಿಗೇ ಗೊತ್ತಾಗ್ಲಿಲ್ಲ. ಇನ್ನೆಷ್ಟು ದಿನ ರೀ ಹೀಗೆ?”

ದನಿಯನ್ನು ಎರವಲು ತರಬಹುದು, ಅಳುವನ್ನು ತರಲಾಗದು. ಎಷ್ಟೋ ಜನರ ಕೆಮ್ಮು, ಸೀನು, ಆಕಳಿಕೆ ಕಲಿತಿದ್ದೆ. ಯಾರ ಅಳುವನ್ನೂ ಕಲಿತಿರಲಿಲ್ಲ. ಅತ್ತರೆ ಅದು ಪುಟ್ಟನ ಅಳುವಾಗಿಯೇ ಹೊರಬರುತ್ತಿತ್ತು. ಕಪಾಟಿನ ಅಂಚನ್ನು ಹಿಡಿದುಕೊಂಡೆ.

“ಹೇಳ್ಬಿಡ್ಲಾ ಅವನಿಗೆ?” ಎಂದಳು ಅಕ್ಕ. “ಹೇಳಿದ್ರೆ ಕೆಲಸ ಬಿಟ್ಟು ಓಡಿ ಬರ್ತಾನೆ. ಹೇಳ್ದೆ ಇದ್ರೆ ನಾನು ಪಾಪಿ ಆಗ್ತೀನಿ. ನೀವು ಅಂದ ಹಾಗೆ ಮಾಡ್ತೀನಿ ರೀ.”

ಹೇಳು ಎಂದರೆ ನನ್ನ ತಾಯಿಗಾಗಿ ನಾನು ಅಳಬಹುದಿತ್ತು. ಊರಿಗೆ ಹೋಗಬಹುದಿತ್ತು. ಆದರೆ ನಾನು ವಿಮಾನ ಹತ್ತಿದರೆ ಭಾವನ ದನಿಯೂ ನನ್ನೊಂದಿಗೇ ಹತ್ತುತ್ತದೆ. ಆ ವಾರವೇ ಅಕ್ಕನಿಗೆ ಎಲ್ಲ ತಿಳಿಯುತ್ತದೆ, ಅವರನ್ನು ಊರಿಗೆ ಕರೆಸಿಕೊಳ್ಳುತ್ತಾಳೆ, ಅರೆಬರೆ ಕಿತ್ತ ಕಾಯಿಲೆ ಮತ್ತೆ ಚಿಗುರುತ್ತದೆ. ಎದುರಿಗೆ ಕೂತ ಮನುಷ್ಯ ಇದಾವುದೂ ಗೊತ್ತಿಲ್ಲದೆ, ಹೆಂಡತಿ ಏನೋ ಸರಸ ಆಡುತ್ತಿದ್ದಾಳೆಂದುಕೊಂಡು ನನ್ನ ಮುಜುಗರಕ್ಕೆ ಹಲ್ಲು ಕಿರಿಯುತ್ತಿದ್ದರು.

“ಹ್ಞಾಂ... ಈಗ ಬೇಡ ಕಣೇ,” ಎಂದೆ.

ಅಕ್ಕ ನಿಟ್ಟುಸಿರು ಬಿಟ್ಟಳು. “ಸರಿ. ಅವನನ್ನ ಕರೀರಿ. ಹಬ್ಬದ ದಿನ ಅಮ್ಮ ಮಾತಾಡ್ಲಿಲ್ಲ ಅಂದ್ರೆ ಅನುಮಾನ ಬರುತ್ತೆ.”

ಫೋನು ದೂರ ಹಿಡಿದು, ‘ಲೋ ಪುಟ್ಟಾ!’ ಎಂದು ಭಾವನ ದನಿಯಲ್ಲಿ ನನ್ನನ್ನೇ ಕೂಗಿಕೊಂಡೆ. ನಿಂತಲ್ಲೇ ಚಪ್ಪಲಿ ಬಡಿದು ನಡೆದುಬಂದೆ. “ಅಕ್ಕಾ! ಏನ್ ಸಮಾಚಾರ!” ನನ್ನದೇ ದನಿ, ಆದರೂ ಯಾರನ್ನೋ ಅಣಕಿಸಿದ ಹಾಗಿತ್ತು.

“ತಗೋ, ಅಮ್ಮ ಕಾಯ್ತಿದಾಳೆ.” ಫೋನು ಕೈ ಬದಲಾದ ಸದ್ದು. ಆಮೇಲೆ ಕೆಮ್ಮು. “ಯಾರಪ್ಪಾ ಅದು? ಉಂಡ್ಯಾ?”

ಈಗ ಆ ನಟನೆಯ ಹೊಲಿಗೆಗಳೆಲ್ಲ ಕಾಣಿಸಿದವು. ಕೆಮ್ಮು ಗಂಟಲಿನದು, ಎದೆಯದಲ್ಲ. ಅಮ್ಮ ಊಟ ಕೇಳುವ ಮೊದಲು ಒಂದು ಸುತ್ತು ಬೈಯದೆ ಬಿಟ್ಟವಳಲ್ಲ. ಕಾಲೇಜಿನ ಸ್ಪರ್ಧೆಯಲ್ಲಾದರೆ ಅಕ್ಕನಿಗೆ ಸಮಾಧಾನಕರ ಬಹುಮಾನವೂ ಸಿಗುತ್ತಿರಲಿಲ್ಲ. ಆದರೂ ಫೋನು ಇಡಲು ಮನಸ್ಸಾಗಲಿಲ್ಲ.

“ಉಂಡೆ ಕಣಮ್ಮ. ಸ್ವಲ್ಪ ಬೈಯಮ್ಮ.”

“ಹಬ್ಬದ ದಿನ ಯಾಕೋ ಬೈಸ್ಕೋತೀಯಾ, ಕತ್ತೆ!”

ಆ ‘ಕತ್ತೆ’ ಒಂದು ಮಾತ್ರ ಅಮ್ಮನದೇ ಆಗಿತ್ತು. ಅಕ್ಕನಿಗೂ ಹಾಗನ್ನಿಸಿರಬೇಕು, ಬಿಕ್ಕಿದ್ದನ್ನು ಕೆಮ್ಮಾಗಿ ತಿರುಗಿಸಿ ಫೋನು ಕಟ್ ಮಾಡಿದಳು.

ಭಾವ ತೋಳು ಹಿಡಿದು ಅಲುಗಾಡಿಸಿದರು. ಪ್ರತಿ ಸಲವೂ ನಾನು ಅತ್ತ ಕಡೆಯ ಮಾತನ್ನೆಲ್ಲ ಅವರವರ ದನಿಯಲ್ಲೇ ಅಭಿನಯಿಸಿ ವರದಿ ಒಪ್ಪಿಸಬೇಕು. ತಲೆಯ ಮೇಲೆ ಸೆರಗು ಎಳೆದುಕೊಳ್ಳುವ ಹಾಗೆ ಮಾಡಿ ಬೆರಳು ಅಲ್ಲಾಡಿಸಿದರು. ಅತ್ತೆ ಏನಂದರು?

ಬಾಯಿ ತೆರೆದೆ. ಅಮ್ಮನ ದನಿ ಬಂತು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಹಾಗೆ.

“ಏನ್ರೀ ಅಳಿಯಂದ್ರೇ, ನಾನು ಹೋಗಿ ತಿಂಗಳಾಯ್ತು. ನಿಮ್ಮ ಹೆಂಡ್ತಿ ಮಣ್ಣು ಮಾಡಿದ್ಲು. ನನ್ನ ಮಗನಿಗೆ ಹೇಳ್ಬೇಡಿ.”

ಭಾವ ಭುಜ ಕುಣಿಸುತ್ತ ನಕ್ಕರು. ನಗುತ್ತಲೇ ನನ್ನ ಮುಖ ನೋಡಿದರು. ಭುಜ ನಿಂತಿತು. ನಾನು ಕೊಳೆ ಮೇಜುಬಟ್ಟೆಯೊಂದನ್ನು ಬಾಯಿಗೆ ಒತ್ತಿಕೊಂಡೆ.

ನಾನು ನನ್ನ ದನಿಯಲ್ಲಿ ಎಲ್ಲ ಹೇಳಿದೆ. ಅವರ ದನಿಯಲ್ಲಿ ನಾನೇ ‘ಈಗ ಬೇಡ’ ಎಂದದ್ದನ್ನೂ ಹೇಳಿದೆ. ಅವರು ನನ್ನ ಎದೆಗೆ ಬೆರಳಿಟ್ಟು, ಬಾಗಿಲ ಕಡೆ ತೋರಿಸಿದರು: ನೀನು, ಊರಿಗೆ. ನಾನು ಅಡ್ಡಡ್ಡ ತಲೆಯಾಡಿಸಿದೆ. “ನಾನು ಹೋದ್ರೆ ನಿಮ್ಮ ಮಾತು ಯಾರು ಭಾವ ಆಡ್ತಾರೆ? ಔಷಧ ನಿಂತೋಗುತ್ತೆ.”

ಭಾವ ಫೋನು ಕಿತ್ತುಕೊಂಡರು. ಅಕ್ಕನ ನಂಬರು ಒತ್ತಿ, ಸ್ಪೀಕರ್ ಹಾಕಿ, ಕುತ್ತಿಗೆಯ ಬಟ್ಟೆ ಸರಿಸಿ, ಫೋನನ್ನು ತೂತಿನ ಹತ್ತಿರ ಹಿಡಿದರು.

“ರೀ? ಮತ್ತೇನ್ರೀ?”

ಸುಯ್ ಎಂದು ಉಸಿರು ಹೊರಟಿತು.

“ಹಲೋ? ಬರೀ ಗಾಳಿ ಶಬ್ದ. ಮಾತಾಡಿ ರೀ!”

‘ಹ್ಞಾಂ’ ನನ್ನ ಮೂಗಿನ ತನಕ ಬಂದಿತ್ತು. ಭಾವ ಇನ್ನೊಂದು ಕೈಯಿಂದ ನನ್ನ ಬಾಯಿ ಮುಚ್ಚಿದರು. ಅಂಗೈಯಲ್ಲಿ ಗಂಜಿಯ ವಾಸನೆ. ನಾನು ಒದ್ದಾಡುವುದನ್ನು ಬಿಟ್ಟ ಮೇಲೆ ಕೈ ತೆಗೆದು, ನನ್ನ ಗಂಟಲನ್ನು ಮುಟ್ಟಿ ತೋರಿಸಿದರು. ನಿನ್ನದರಲ್ಲಿ ಹೇಳು.

“ಅಕ್ಕಾ,” ಎಂದೆ, “ಅದು ಗಾಳಿ ಅಲ್ಲ. ಭಾವನ ಉಸಿರು. ಗಂಟಲು ಆಪರೇಷನ್ ಆಗಿದೆ. ಅವರಿಗೆ ಇನ್ನು ಮಾತು ಬರಲ್ಲ.”

ಬಾಗಿಲಾಚೆ ಮೇಸ್ತ್ರಿ ಮೇಜುಬಟ್ಟೆಗಾಗಿ ಅರಚುತ್ತಿದ್ದ. ಅಕ್ಕ ಮೆಲ್ಲಗೆ, “ಹಂಗಾದ್ರೆ ಆಗ್ಲೇ ನಾನು ಹೇಳಿದ್ದು ಯಾರಿಗೆ?” ಎಂದಳು.

“ನನಗೆ, ಅಕ್ಕ.”

ಅವಳು ಅಳತೊಡಗಿದಳು. ಆಗ ನಾನೂ ಅತ್ತೆ. ಭಾವ ಫೋನನ್ನು ಕುತ್ತಿಗೆಯಿಂದ ತೆಗೆಯಲಿಲ್ಲ.